ಬೋರಿನ ನೀರು, ಚಿಪ್ಪಿನ ಮೀನು

ಚಹದ ಪಾತ್ರೆ ತಿಕ್ಕುವುದು ನಿವೃತ್ತಿಯಾದ ಮೇಲೆ ನನ್ನ ಪಾಲಿಗೆ ಬಂದಿರುವ ಖಾತೆ. ತಿಂಗಳಿಗೊಮ್ಮೆ ಹುಣಸೆಹಣ್ಣು ಕಿವುಚಿ ಹಾಕಿ, ಕುದಿಸಿ, ತಳದಲ್ಲಿ ಸುಣ್ಣ ಬಳಿದಂತೆ ಕೂತಿರುವ ಬಿಳಿ ಪದರವನ್ನು ಎಬ್ಬಿಸಬೇಕು. ಜೇವರ್ಗಿಯಲ್ಲಿ ಸಂಸಾರ ಮಾಡಿದವರಿಗೆ ಈ ಪದರದ ಪರಿಚಯ ಮಾಡಿಕೊಡಬೇಕಾಗಿಲ್ಲ. ಬೇರೆ ಊರಿನಿಂದ ಬಂದವರು ಮಾತ್ರ ನಮ್ಮ ಸ್ಟೀಲ್ ಲೋಟವನ್ನು ಬೆಳಕಿಗೆ ಹಿಡಿದು ನೋಡುತ್ತಾರೆ. ತೊಳೆದಿಲ್ಲವೇನೋ ಎಂಬ ಅನುಮಾನ ಅವರ ಮುಖದಲ್ಲಿ ಕಾಣುತ್ತದೆ. ತೊಳೆದಿದ್ದೇವೆ ಮಹಾರಾಯರೇ, ತೊಳೆದ ನೀರೇ ಹಾಗಿದೆ.

ಮೊನ್ನೆ ಹೀಗೆ ತಿಕ್ಕುತ್ತ ಕೂತಿದ್ದಾಗ ಪಡಸಾಲೆಯಿಂದ ಮೀನಿನ ತೊಟ್ಟಿಯ ಗುಳುಗುಳು ಸದ್ದು ಕೇಳಿಸಿತು. ಈ ಪದರಕ್ಕೂ ಆ ಮೀನುಗಳಿಗೂ ಇರುವ ಸಂಬಂಧ ನೆನಪಾಗಿ ಒಬ್ಬನೇ ನಕ್ಕೆ. ನನ್ನ ಹೆಂಡತಿ ಕಮಲಾ ಇಣುಕಿ ನೋಡಿ, ಪಾತ್ರೆ ತಿಕ್ಕುತ್ತ ನಗುವ ಗಂಡ ಸಿಕ್ಕಿದ್ದು ತನ್ನ ಅದೃಷ್ಟವೆಂದು ಹೇಳಿ ಹೋದಳು. ಅದೃಷ್ಟವೋ ಅಲ್ಲವೋ, ನಕ್ಕದ್ದಕ್ಕೆ ಕಾರಣವಂತೂ ಇದೆ. ಹೇಳುತ್ತೇನೆ ಕೇಳಿ.

ನಾನು ದುಡಿದದ್ದು ಹಳ್ಳಿಗಳಿಗೆ ಕುಡಿಯುವ ನೀರು ಒದಗಿಸುವ ಇಲಾಖೆಯಲ್ಲಿ, ಕಿರಿಯ ಇಂಜಿನಿಯರ್ ಆಗಿ. ಕಿರಿಯನಾಗಿ ಸೇರಿ ಕಿರಿಯನಾಗಿಯೇ ನಿವೃತ್ತನಾದೆ. ಆಳಂದ, ಅಫಜಲಪುರ, ಜೇವರ್ಗಿ, ಈ ಮೂರು ತಾಲೂಕುಗಳ ಗಡಿಯನ್ನು ನನ್ನ ವರ್ಗಾವಣೆಯ ಆದೇಶ ಎಂದೂ ದಾಟಲಿಲ್ಲ. ಬೋರ್ ಕೊರೆಸುವುದು, ಪಂಪ್ ಇಳಿಸುವುದು, ಟಾಕಿ ತುಂಬಿಸುವುದು ನನ್ನ ಕೆಲಸ. ನೀರು ಬಿದ್ದ ದಿನ ಊರವರು ಕಾಯಿ ಒಡೆದು, ಹೆಗಲಿಗೊಂದು ಟಾವೆಲ್ ಹಾಕಿ ಸನ್ಮಾನ ಮಾಡುತ್ತಿದ್ದರು. ಹದಿನೈದು ದಿನ ಬಿಟ್ಟು ಅದೇ ಊರಿಗೆ ಹೋದರೆ ಹೆಂಗಸರು ದಾರಿಗೆ ಅಡ್ಡ ನಿಲ್ಲುತ್ತಿದ್ದರು. ಬೇಳೆ ಬೇಯುತ್ತಿಲ್ಲ, ಸಾಬೂನು ನೊರೆ ಬರುತ್ತಿಲ್ಲ, ತಲೆಗೂದಲು ಉದುರುತ್ತಿವೆ, ಅಳಿಯ ಬಂದಾಗ ಚಹಾ ಕುಡಿದು ಮುಖ ಕಿವುಚಿದ. ಎಲ್ಲದಕ್ಕೂ ನಾನೇ ಹೊಣೆ. ನೆಲದೊಳಗೆ ಕೂತು ಸುಣ್ಣ ಕಲಸಿದವನು ನಾನೇ ಎಂಬಂತೆ ಅವರು ಮಾತಾಡುತ್ತಿದ್ದರು, ನಾನು ತಲೆ ತಗ್ಗಿಸಿ ಕೇಳುತ್ತಿದ್ದೆ.

ವಿಚಿತ್ರ ನೋಡಿ. ತೊಗರಿಗೆ ನಮ್ಮ ನೆಲ ಹೆಸರುವಾಸಿ. ಆದರೆ ಅದೇ ನೆಲದ ನೀರಿನಲ್ಲಿ ಅದೇ ತೊಗರಿಬೇಳೆ ಮಣಿಯುವುದಿಲ್ಲ. ಕುಕ್ಕರ್ ಎಂಟು ಸಲ ಕೂಗಿದರೂ ಬೇಳೆ ಬೇಳೆಯಾಗಿಯೇ ತೇಲುತ್ತಿರುತ್ತದೆ. ಚೌಡಾಪುರದ ರಸ್ತೆ ಬದಿಯಲ್ಲಿ ನಾನು ಊಟ ಮಾಡುತ್ತಿದ್ದ ಒಂದು ಖಾನಾವಳಿಯಿತ್ತು. ಅದರ ಮಾಲೀಕ ಬೇಳೆಗೆಂದೇ ಭೀಮಾ ನದಿಯಿಂದ ಕೊಡ ತರಿಸುತ್ತಿದ್ದ. ನಾನು ಊಟಕ್ಕೆ ಕೂತಾಗಲೆಲ್ಲ ತನ್ನ ಚಹದ ಬಾಯ್ಲರನ್ನು ತೋರಿಸಿ, ಒಳಗೆ ಕಟ್ಟಿದ ಸುಣ್ಣ ಇವರ ಪ್ರಸಾದ ಎಂದು ಉಳಿದ ಗಿರಾಕಿಗಳಿಗೆ ನನ್ನ ಪರಿಚಯ ಮಾಡಿಕೊಡುತ್ತಿದ್ದ. ಅಷ್ಟಾದ ಮೇಲೂ ಅಲ್ಲಿಗೇ ಹೋಗುತ್ತಿದ್ದೆ, ಅವನ ಶೇಂಗಾ ಚಟ್ನಿ ಅಷ್ಟು ಚೆನ್ನಾಗಿರುತ್ತಿತ್ತು.

ಈ ನೀರನ್ನು ಹೊಗಳಿದ ಒಬ್ಬರೆಂದರೆ ನಮ್ಮಜ್ಜಿ. ನಮ್ಮದು ಬೌದ್ಧರ ಓಣಿ. ಅಜ್ಜಿಯ ಕಾಲಕ್ಕೆ ಊರ ಬಾವಿಯ ಕಟ್ಟೆ ನಮ್ಮವರು ಹತ್ತುವ ಹಾಗಿರಲಿಲ್ಲ. ಕೊಡವನ್ನು ದೂರ ಇಟ್ಟು, ಯಾರಾದರೂ ಬಂದು ಮೇಲಿನಿಂದ ಸುರಿಯುವ ತನಕ ಬಿಸಿಲಿನಲ್ಲಿ ಕೂತಿರಬೇಕಾಗಿತ್ತು. ನಾನು ನೌಕರಿಗೆ ಸೇರಿದ ಹೊಸದರಲ್ಲಿ ನಮ್ಮ ಓಣಿಯಲ್ಲೇ ಒಂದು ಬೋರ್ ಬಿತ್ತು. ಹ್ಯಾಂಡ್‌ಪಂಪ್ ಕೂರಿಸಿದ ದಿನ ಅಜ್ಜಿ ಯಾರಿಗೂ ಬಿಡದೆ ತಾನೇ ಹೊಡೆದಳು, ಬೊಗಸೆಯಲ್ಲಿ ಹಿಡಿದು ಕುಡಿದಳು, ಸ್ವಲ್ಪ ಹೊತ್ತು ಬಾಯಾಡಿಸಿದಳು. "ಸವಳು ಅದ ಖರೆ. ಆದ್ರ ನಮ್ಮದು ಅದ" ಎಂದಳು. ಆಮೇಲೆ ನನ್ನ ಇಡೀ ನೌಕರಿಯಲ್ಲಿ ಅಂಥ ಮಾತು ಇನ್ನೊಬ್ಬರ ಬಾಯಿಂದ ಬರಲಿಲ್ಲ.

ಇನ್ನು ಖಾಜಾಮಿಯಾ. ಆಳಂದದವರು, ನಮ್ಮ ಇಲಾಖೆಯ ಪಂಪ್ ಮೆಕ್ಯಾನಿಕ್. ಅವರ ಅರ್ಧ ಆಯುಷ್ಯ ನನ್ನ ಮೋಟಾರ್ ಸೈಕಲ್ಲಿನ ಹಿಂದಿನ ಸೀಟಿನಲ್ಲಿ, ತೊಡೆಯ ಮೇಲೆ ನಟ್ಟು ಬಿಚ್ಚುವ ಪಾನಾಗಳ ಚೀಲ ಇಟ್ಟುಕೊಂಡು ಕಳೆಯಿತು. ನಿವೃತ್ತರಾದ ಮೇಲೆ ನಾನು ಪಾತ್ರೆ ತಿಕ್ಕುವುದಕ್ಕೆ ಹತ್ತಿದೆ, ಅವರು ಮೀನು ಸಾಕುವುದಕ್ಕೆ ಹತ್ತಿದರು. ಹೋದ ವರ್ಷ ಬೇಸಿಗೆ ಮುಗಿಯುವ ಹೊತ್ತಿಗೆ ಅವರ ಮೊಣಕಾಲಿನ ಆಪರೇಷನ್ ಸೋಲಾಪುರದಲ್ಲೆಂದು ಗೊತ್ತಾಯಿತು. ಮಗ ಅಲ್ಲೇ ಇದ್ದಾನೆ. ಆರೆಂಟು ತಿಂಗಳು ಅಲ್ಲಿಯೇ ಇರಬೇಕು. ಹೋಗುವ ಮುಂಚೆ ಒಂದು ಗೂಡ್ಸ್ ಆಟೋದಲ್ಲಿ ಗಾಜಿನ ತೊಟ್ಟಿ, ಬಕೆಟ್ಟಿನಲ್ಲಿ ಆರು ಮೀನು, ಮೂರು ಖಾಲಿ ಚಿಪ್ಪು ತಂದು ನಮ್ಮ ಪಡಸಾಲೆಯಲ್ಲಿ ಇಳಿಸಿದರು.

"ಸಾಹೇಬ್ರ, ಇದು ನನ್ನ ಅಮಾನತ್" ಎಂದರು.

ನಮ್ಮ ಕಡೆ ಈ ಮಾತಿಗೆ ತೂಕ ಜಾಸ್ತಿ. ನಂಬಿ ಇಟ್ಟು ಹೋದದ್ದು ಅಮಾನತ್. ಒಂದು ಚೀಲ ಜೋಳವಿರಲಿ, ಒಂದು ಆಡಿರಲಿ, ಇಟ್ಟವರು ಬಂದು ಕೇಳಿದ ದಿನ ಕಡಿಮೆಯಾಗದಂತೆ ಒಪ್ಪಿಸಬೇಕು. ಆಡು ಮರಿ ಹಾಕಿದ್ದರೆ ಮರಿಯೂ ಅವರದೇ. ನಾನು ಸಣ್ಣವನಿದ್ದಾಗ ಪಕ್ಕದ ಮನೆಯವರು ಒಂದು ಕೋಳಿಯನ್ನು ನಮ್ಮವ್ವನ ಹತ್ತಿರ ಅಮಾನತ್ ಇಟ್ಟು ಊರಿಗೆ ಹೋಗಿದ್ದರು. ಅದನ್ನು ಬೆಕ್ಕು ಒಯ್ದಿತು. ಅವ್ವ ನಮ್ಮದೇ ಎರಡು ಕೋಳಿ ಕೊಟ್ಟರೂ ಸಮಾಧಾನವಾಗದೆ ವಾರಗಟ್ಟಲೆ ಆ ಬೆಕ್ಕನ್ನು ಬೈಯುತ್ತಿದ್ದಳು. ಅಂಥ ಮನೆಯಲ್ಲಿ ಬೆಳೆದವನ ಕೈಗೆ ಖಾಜಾಮಿಯಾ ಆರು ಮೀನು ಇಟ್ಟರು.

ಮೀನೆಂದರೆ ಕಿರುಬೆರಳಿನ ಅರ್ಧದಷ್ಟು. ಮೈತುಂಬ ಸಣ್ಣ ಅಡ್ಡಪಟ್ಟೆ, ನೀಲಿ ಕಣ್ಣು. ಆಫ್ರಿಕಾದ ಟಾಂಗಾನಿಕಾ ಎಂಬ ದೊಡ್ಡ ಸರೋವರದ ಸಿಕ್ಲಿಡ್ ಜಾತಿಯವಂತೆ. ಸತ್ತ ಬಸವನಹುಳುವಿನ ಖಾಲಿ ಚಿಪ್ಪೇ ಇವುಗಳ ಮನೆ. ಹೆಣ್ಣು ಚಿಪ್ಪಿನೊಳಗೆ ಮೊಟ್ಟೆ ಇಡುತ್ತದೆ, ಮರಿಗಳು ಅದರ ಬಾಗಿಲಿನಲ್ಲೇ ಬೆಳೆಯುತ್ತವೆ. ಇವು ಇನ್ನೂ ಎಳೆಯವು, ನಿಮ್ಮ ಮನೆಯಲ್ಲೇ ಸಂಸಾರ ಹೂಡಲಿ ಎಂದು ಖಾಜಾಮಿಯಾ ಹರಸಿದರು. ಮರಳು ದಪ್ಪಗೆ ಹಾಸಿ, ಚಿಪ್ಪು ಇನ್ನಷ್ಟು ಹಾಕಿ, ವಾರಕ್ಕೊಂದು ಬಕೆಟ್ ನೀರು ಬದಲಿಸಿ ಎಂದು ಹೇಳಿ, ಕೋಲು ಊರುತ್ತ ಆಟೋ ಹತ್ತಿದರು.

ಚಿಪ್ಪಿನ ವಿಷಯದಲ್ಲಿ ನನಗೆ ಯಾರೂ ಪಾಠ ಹೇಳಬೇಕಾಗಿರಲಿಲ್ಲ. ನನ್ನ ಬಾಲ್ಯ ಕಳೆದದ್ದೇ ಅಫಜಲಪುರದ ಕಡೆ, ಭೀಮಾ ದಂಡೆಯ ಮರಳಿನಲ್ಲಿ. ಬೇಸಿಗೆಯಲ್ಲಿ ಹೊಳೆ ಬತ್ತಿದಾಗ ನಾವು ಸಿಂಪಿ, ಅಂದರೆ ಕಪ್ಪೆಚಿಪ್ಪು, ಆರಿಸುತ್ತಿದ್ದೆವು. ಅದನ್ನು ಕಲ್ಲಿಗೆ ತಿಕ್ಕಿ ತಿಕ್ಕಿ ನಡುವೆ ತೂತು ಮಾಡಿದರೆ ಮಾವಿನಕಾಯಿ ಹೆರೆಯುವ ಚಾಕು ಸಿದ್ಧ. ಅಂಗಿಯ ಕಿಸೆಯಲ್ಲಿ ಸಿಂಪಿ, ಚಡ್ಡಿಯ ಕಿಸೆಯಲ್ಲಿ ಉಪ್ಪುಖಾರದ ಪುಡಿ, ಇದಿಷ್ಟೇ ನಮ್ಮ ಆಸ್ತಿ. ಬಸವನಹುಳುವಿನ ಚಿಪ್ಪಿಗೆ ಗುಳ್ಳಿ ಎನ್ನುತ್ತಿದ್ದೆವು. ಕಿವಿಗೆ ಹಿಡಿದರೆ ಸಮುದ್ರ ಕೇಳಿಸುತ್ತದೆ ಎಂದು ಮಾಸ್ತರರು ಹೇಳಿದ್ದರು. ನಮ್ಮಲ್ಲಿ ಯಾರೂ ಸಮುದ್ರ ಕಂಡವರಲ್ಲ, ಆದ್ದರಿಂದ ಕೇಳಿಸಿತೆಂದು ಎಲ್ಲರೂ ಒಪ್ಪಿಕೊಂಡಿದ್ದೆವು.

ಈಗ ಅರವತ್ತು ದಾಟಿದ ಮೇಲೆ ಅದೇ ದಂಡೆಗೆ ಹೋಗಿ, ಪ್ಯಾಂಟ್ ಮಡಚಿಕೊಂಡು, ಗುಳ್ಳಿ ಆರಿಸಿದೆ. ದನ ಮೇಯಿಸುತ್ತಿದ್ದ ಒಬ್ಬ ಹೆಂಗಸು ಬಹಳ ಹೊತ್ತು ನನ್ನನ್ನೇ ನೋಡಿ, ಏನಾದರೂ ಕಳೆದುಹೋಗಿದೆಯೇ ಎಂದು ಕೇಳಿದಳು. ಏನೂ ಇಲ್ಲ ತಾಯಿ ಎಂದು ಚೀಲ ಹಿಂದೆ ಬಚ್ಚಿಟ್ಟುಕೊಂಡೆ. ಮನೆಗೆ ತಂದು, ವಾಸನೆ ಹೋಗಲೆಂದು ಕಮಲಾಳ ಹಾಲು ಕಾಯಿಸುವ ಪಾತ್ರೆಯಲ್ಲಿ ಹಾಕಿ ಕುದಿಸಿದೆ. ಆ ಪಾತ್ರೆ ಈಗ ಅಂಗಳದಲ್ಲಿ ಗುಬ್ಬಿಗಳು ನೀರು ಕುಡಿಯುವುದಕ್ಕೆ ಇದೆ. ಆ ದಿನ ನಾನು ಕೇಳಿಸಿಕೊಂಡದ್ದನ್ನು ಬರೆಯುವ ಅಗತ್ಯವಿಲ್ಲ.

ಮರಳಾಯಿತು, ಚಿಪ್ಪಾಯಿತು. ಇನ್ನು ನೀರು. ಇಲ್ಲೇ ನನ್ನ ಬುದ್ಧಿ ಖರ್ಚಾದದ್ದು.

ನಮ್ಮ ಮನೆಯಲ್ಲಿ ಒಂದು ರೂಢಿಯಿದೆ. ನಮ್ಮ ಮನೆಯಲ್ಲೇನು, ಈ ಸೀಮೆಯ ಎಲ್ಲ ಮನೆಯಲ್ಲೂ ಇದೆ. ನಲ್ಲಿಯಲ್ಲಿ ಬರುವ ಬೋರಿನ ನೀರು ಸ್ನಾನಕ್ಕೆ, ಬಟ್ಟೆಗೆ, ಪಾತ್ರೆಗೆ, ಹೆಚ್ಚೆಂದರೆ ಮನೆಯವರ ಚಹಕ್ಕೆ. ಬೇಳೆ ಬೇಯಿಸುವುದಕ್ಕೆ ಮತ್ತು ಬಂದ ಅತಿಥಿಗಳಿಗೆ ಕ್ಯಾನಿನಲ್ಲಿ ತಂದ ಫಿಲ್ಟರ್ ನೀರು. ಬಂದವರಿಗೆ ಬೋರ್ ನೀರು ಕೊಟ್ಟರೆ ಮರ್ಯಾದೆ ಕೊಟ್ಟಂತಲ್ಲ. ಮೂರು ತಾಲೂಕಿಗೆ ಬೋರ್ ನೀರು ಕುಡಿಸಿದ ಇಂಜಿನಿಯರ್ ತನ್ನ ಮನೆಯಲ್ಲಿ ಮಾತ್ರ ಅದನ್ನು ನೆಂಟರ ಕಣ್ಣಿಗೆ ಬೀಳದಂತೆ ನೋಡಿಕೊಳ್ಳುತ್ತಿದ್ದ. ಈ ಮೀನುಗಳೋ ಆಫ್ರಿಕಾದಿಂದ ಬಂದ ಕುಲ, ಮೇಲಾಗಿ ಅಮಾನತ್. ಅವಕ್ಕೆ ಬೋರ್ ನೀರು ಹಾಕಲು ನನಗೆ ಮನಸ್ಸು ಹೇಗೆ ಬಂದೀತು? ವಾರಕ್ಕೊಮ್ಮೆ ಸ್ಕೂಟರಿನ ಮುಂದೆ ಕ್ಯಾನ್ ಇಟ್ಟುಕೊಂಡು ಹೋಗಿ, ಫಿಲ್ಟರ್ ನೀರಿನ ಘಟಕದ ಮುಂದೆ ಸಾಲಿನಲ್ಲಿ ನಿಂತು, ತುಂಬಿಸಿ ತಂದು, ತೊಟ್ಟಿಗೆ ಸುರಿದೆ. ತಿಳಿ ಎಂದರೆ ತಿಳಿ, ತೊಟ್ಟಿಯಲ್ಲಿ ನೀರಿದೆಯೋ ಇಲ್ಲವೋ ಎಂದು ಅನುಮಾನ ಬರುವಷ್ಟು.

ಮೀನುಗಳು ಮಂಕಾದವು. ಪಟ್ಟೆಗಳು ಹಳೆಯ ಲುಂಗಿಯಂತೆ ಮಾಸಿದವು. ಚಿಪ್ಪಿನ ಹತ್ತಿರ ಸುಳಿಯದೆ ಮೂಲೆಯಲ್ಲಿ ಗುಂಪಾಗಿ ನಿಂತುಬಿಟ್ಟವು. ಉಪಚಾರ ಸಾಲದೆಂದು ವಾರಕ್ಕೊಂದು ಕ್ಯಾನ್ ಇದ್ದದ್ದನ್ನು ಎರಡು ಮಾಡಿದೆ. ಒಂದು ಬೆಳಿಗ್ಗೆ ಒಂದು ಮೀನು ಹೊಟ್ಟೆ ಮೇಲಾಗಿ ತೇಲುತ್ತಿತ್ತು. ನಾಲ್ಕು ದಿನಕ್ಕೆ ಇನ್ನೊಂದು. ಎರಡನ್ನೂ ಕರಿಬೇವಿನ ಗಿಡದ ಬುಡದಲ್ಲಿ ಹೂಳಿದೆ. ಆ ವಾರ ನನಗೆ ಊಟ ಸೇರಲಿಲ್ಲ. ಮೀನು ಸತ್ತ ದುಃಖಕ್ಕಿಂತ ಖಾಜಾಮಿಯಾರಿಗೆ ಏನು ಹೇಳಲಿ ಎಂಬ ಹೆದರಿಕೆ ದೊಡ್ಡದಾಗಿತ್ತು.

ಅವರೋ ಆಪರೇಷನ್ ಮುಗಿಸಿ, ಹಾಸಿಗೆಯಲ್ಲಿ ಬಿದ್ದುಕೊಂಡು, ಬೇರೆ ಕೆಲಸವಿಲ್ಲದೆ ವಿಡಿಯೋ ಕಾಲ್ ಮಾಡುತ್ತಿದ್ದರು. ಮೀನು ತೋರಿಸಿ ಎನ್ನುತ್ತಿದ್ದರು. ನಾನು ಫೋನನ್ನು ತೊಟ್ಟಿಯ ಮುಂದೆ ಸರ್ರನೆ ಒಂದು ಸುತ್ತು ತಿರುಗಿಸಿ, ಎಲ್ಲ ಆರಾಮ, ಉಳಿದವು ಚಿಪ್ಪಿನೊಳಗಿವೆ ಎಂದು ಹೇಳಿ, ಮೊಣಕಾಲಿನ ವಿಚಾರಕ್ಕೆ ಮಾತು ಹೊರಳಿಸುತ್ತಿದ್ದೆ. ಇಡೀ ನೌಕರಿಯಲ್ಲಿ ಒಂದೂ ಸುಳ್ಳು ವರದಿ ಬರೆದವನಲ್ಲ ನಾನು. ಎರಡು ಪುಟ್ಟ ಮೀನಿಗಾಗಿ ಗೆಳೆಯನಿಗೆ ಸುಳ್ಳು ಹೇಳುತ್ತಿದ್ದೇನಲ್ಲ ಎಂದು ನಾಚಿಕೆಯಾಗುತ್ತಿತ್ತು. ಉಳಿದ ನಾಲ್ಕನ್ನಾದರೂ ಉಳಿಸಿಕೊಂಡು, ಅವು ಮರಿ ಹಾಕಿ ಲೆಕ್ಕ ಸರಿಹೋದರೆ ಸಾಕೆಂದು, ಕಲಬುರಗಿಯ ಅಂಗಡಿಯಿಂದ ನೀಲಿ ಬಣ್ಣದ ಔಷಧಿ ತಂದು ಹಾಕಿದೆ. ಮೀನು ಹುಷಾರಾಗಲಿಲ್ಲ, ನನ್ನ ಬೆರಳುಗಳು ಮಾತ್ರ ನಾಲ್ಕು ದಿನ ನೀಲಿಯಾಗಿದ್ದವು.

ಹೀಗಿರುವಾಗ ಅಂದೋಲಾದಲ್ಲಿ ತಂಗಿಯ ಮನೆಯ ಸ್ಲ್ಯಾಬ್ ಹಾಕುವುದಿತ್ತು. ಇಂಜಿನಿಯರ್ ಅಣ್ಣ ಇರುವಾಗ ಬೇರೆಯವರನ್ನು ಯಾಕೆ ಕರೆಯುವುದೆಂದು ಅವಳು ಹಟ ಹಿಡಿದಳು. ಎಂಟು ದಿನ ಅಲ್ಲೇ ಉಳಿಯಬೇಕಾಯಿತು. ಮೀನಿನ ಸೇವೆಯ ಕ್ರಮವನ್ನೆಲ್ಲ ಒಂದು ಹಾಳೆಯಲ್ಲಿ ಬರೆದು, ಕಮಲಾಗೆ ಎರಡು ಸಲ ಓದಿ ಹೇಳಿ, ಫಿಲ್ಟರ್ ನೀರು ಎಂಬುದಕ್ಕೆ ಕೆಳಗೆ ಗೆರೆ ಎಳೆದು ಹೊರಟೆ.

ತಿರುಗಿ ಬಂದು ನೋಡಿದರೆ ತೊಟ್ಟಿಯಲ್ಲಿ ಬೇರೆಯೇ ಕಳೆ. ಪಟ್ಟೆಗಳು ಎದ್ದು ಕಾಣುತ್ತಿದ್ದವು. ಒಂದು ಹೆಣ್ಣು ಬಾಯಿತುಂಬ ಮರಳು ಕಚ್ಚಿ ತಂದು ದೂರ ಉಗುಳುತ್ತಿತ್ತು, ಮತ್ತೆ ಓಡಿ ಬರುತ್ತಿತ್ತು. ಹೀಗೆ ಅಗೆದು ಅಗೆದು ತನ್ನ ಗುಳ್ಳಿಯನ್ನು ಬಾಯಿ ಮಾತ್ರ ಕಾಣುವಂತೆ ಮರಳಿನಲ್ಲಿ ಇಳಿಸಿಕೊಂಡಿತ್ತು. ಪಕ್ಕದ ಚಿಪ್ಪಿನದು ಹತ್ತಿರ ಬಂದರೆ ರೆಕ್ಕೆ ಅರಳಿಸಿ ಅಟ್ಟುತ್ತಿತ್ತು. ನನಗೆ ಹಿಗ್ಗೋ ಹಿಗ್ಗು. ಇದು ಆ ನೀಲಿ ಔಷಧಿಯ ಗುಣ, ನಿಧಾನಕ್ಕೆ ಹತ್ತಿದೆ ಎಂದು ಕಮಲಾಗೆ ವಿವರಿಸಿದೆ. ಅವಳು ಹೌದೇನೋ ಎಂದಳು. ಓಣಿಯಲ್ಲಿ ಇಬ್ಬರು ಮೂವರಿಗೂ ವಿವರಿಸಿದೆ.

ಮುಂದೆ ಒಂದು ತಿಂಗಳಾಗಿರಬೇಕು. ಒಂದು ದಿನ ಚಹಾ ಕುಡಿಯುತ್ತ ತೊಟ್ಟಿಯ ಮುಂದೆ ಕೂತಿದ್ದೆ. ಆ ಗುಳ್ಳಿಯ ಬಾಯಿಯಲ್ಲಿ ಏನೋ ಮಿಸುಕಿತು. ಕನ್ನಡಕ ಒರೆಸಿಕೊಂಡು ನೋಡಿದೆ. ಗಸಗಸೆ ಕಾಳಿನಷ್ಟು ಎರಡು ಕಣ್ಣು, ಹಿಂದೆ ಕೂದಲೆಳೆಯಂಥ ಮೈ. ಒಂದಲ್ಲ, ನಾಲ್ಕೈದು. ಅಂಗಳಕ್ಕೆ ಬಂದ ಹೊಸ ಸೊಸೆಯರ ಹಾಗೆ ಹೊಸ್ತಿಲು ದಾಟಲೋ ಬೇಡವೋ ಎಂದು ನಿಂತಿದ್ದವು. ನನ್ನ ನೆರಳು ಬಿದ್ದದ್ದೇ ತಡ, ಎಲ್ಲವೂ ಒಳಗೆ. ಕಮಲಾಳನ್ನು ಕೂಗಿ ಕರೆದೆ. ನನ್ನ ದನಿ ನಡುಗುತ್ತಿತ್ತೆಂದು ಅವಳು ಈಗಲೂ ಹೇಳುತ್ತಾಳೆ. ನಡುಗಿದ್ದು ನಿಜ. ಇಷ್ಟು ಸಂತೋಷ ನನಗೆ ಬಹಳ ದಿನದಿಂದ ಆಗಿರಲಿಲ್ಲ.

ಮತ್ತೆ ನೀಲಿ ಔಷಧಿಯ ಮಾತು ತೆಗೆದೆ. ಆಗ ಕಮಲಾ ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಗತೊಡಗಿದಳು.

"ಔಷಧಿ ಅಲ್ಲ, ಏನಲ್ಲ. ನೀವು ಅಂದೋಲಾಕ್ಕ ಹೋದ ದಿನದಿಂದ ನಾ ಬೋರ್ ನೀರು ಹಾಕಾಕತ್ತೇನಿ."

ಯಾಕೆ ಎಂದು ಕೇಳುವಷ್ಟರಲ್ಲಿ ಅವಳೇ ಮುಂದುವರಿಸಿದಳು. "ಫಿಲ್ಟರ್ ನೀರೆಲ್ಲಾ ಮೀನಿಗೆ ಸುರದ್ರ ನಾ ಬ್ಯಾಳಿ ಯಾವುದ್ರಾಗ ಬೇಯಿಸ್ಲಿ? ಮತ್ತ ಖಾಜಾಮಿಯಾರ ಮನ್ಯಾಗ ಫಿಲ್ಟರ್ ಎಲ್ಲದ ರೀ? ಅವು ಈ ನೀರಾಗೇ ಬೆಳದು ಬಂದಾವ."

ಅಷ್ಟೇ ಅಲ್ಲ. ನಾನು ಅಂದೋಲಾದಿಂದ ಬಂದ ಮೇಲೂ ಅವಳು ಬಿಟ್ಟಿರಲಿಲ್ಲ. ನಾನು ಸ್ಕೂಟರಿನಲ್ಲಿ ಹೊತ್ತು ತಂದ ಫಿಲ್ಟರ್ ನೀರು ಅಡುಗೆಮನೆಯ ಹಂಡೆ ಸೇರುತ್ತಿತ್ತು, ಖಾಲಿ ಕ್ಯಾನಿಗೆ ನಲ್ಲಿ ನೀರು ತುಂಬುತ್ತಿತ್ತು, ಅದನ್ನು ನಾನು ಭಕ್ತಿಯಿಂದ ತೊಟ್ಟಿಗೆ ಸುರಿಯುತ್ತಿದ್ದೆ. ಆ ತಿಂಗಳು ಬೇಳೆ ಬೆಣ್ಣೆಯಂತೆ ಬೆಂದು, ಅಂಗಡಿಯವನು ಈ ಸಲ ಒಳ್ಳೆಯ ಮಾಲು ಕೊಟ್ಟಿದ್ದಾನೆ ಎಂದು ನಾನು ಹೊಗಳಿದ್ದೂ ಉಂಟು.

ಆಮೇಲೆ ಫೋನಿನಲ್ಲಿ ಹುಡುಕಿ ಓದಿದೆ. ಆ ಸರೋವರದ ನೀರು ಸುಣ್ಣ ಬೆರೆತದ್ದು, ಗಡಸು, ಕ್ಷಾರ. ಅಕ್ಷರಶಃ ನಮ್ಮ ಬೋರಿನ ನೀರಿನ ವರದಿ. ಆ ವರದಿಗಳನ್ನು ವರ್ಷಗಟ್ಟಲೆ ನನ್ನ ಕೈಯಾರೆ ಬರೆದವನು ನಾನು. ಸೀಸೆಯಲ್ಲಿ ನೀರು ಹಿಡಿದು, ಹನಿ ಹಾಕಿ, ಬಣ್ಣ ನೋಡಿ, ಗಡಸುತನ ಜಾಸ್ತಿ ಎಂದು ಷರಾ ಬರೆಯುವಾಗಲೆಲ್ಲ ನನಗೆ ಅದು ನೀರಿನ ದೋಷವೆಂದೇ ಅನ್ನಿಸಿತ್ತು. ಹಿತ್ತಲ ಗಿಡ ಮದ್ದಲ್ಲ ಎನ್ನುತ್ತಾರಲ್ಲ, ನಾನು ಹಿತ್ತಲಲ್ಲಿ ಮದ್ದು ಇಟ್ಟುಕೊಂಡು ಎರಡು ಜೀವ ತೆಗೆದೆ. ಸಿಹಿನೀರಿನ ಉಪಚಾರದಲ್ಲೇ ಅವು ಸತ್ತವು ಎಂಬುದು ಈಗಲೂ ಚುಚ್ಚುತ್ತದೆ.

ಉಳಿದವು ಮಾತ್ರ ಹಿಂದೆ ನೋಡಲಿಲ್ಲ. ಇವುಗಳ ಸಂಸಾರ ನೋಡುವಂಥದ್ದು. ಎಷ್ಟೋ ಮೀನುಗಳು ಹೆತ್ತ ಮರಿಯನ್ನೇ ನುಂಗುತ್ತವಂತೆ. ಇವು ಹಾಗಲ್ಲ, ಕೂಡು ಕುಟುಂಬ. ಮೊದಲ ಸೂಲಿನ ಮರಿಗಳು ಅಲ್ಲೇ ಪಕ್ಕದ ಗುಳ್ಳಿ ಹಿಡಿದವು, ಎರಡನೆಯ ಸೂಲಿನವು ಅವುಗಳ ನಡುವೆಯೇ ಆಡಿಕೊಂಡು ಬೆಳೆದವು. ಗಂಡು ಓಣಿಯ ಹಿರಿಯನ ಹಾಗೆ ಎಲ್ಲರ ಬಾಗಿಲಿಗೂ ಹೋಗಿ ವಿಚಾರಿಸಿಕೊಂಡು ಬರುತ್ತದೆ. ಜಗಳವಂತೂ ದಿನವೂ ಇದೆ, ಹೆಚ್ಚಾಗಿ ಮರಳು ಯಾರ ಬಾಗಿಲಿಗೆ ಉಗುಳಿದಿ ಎಂಬುದಕ್ಕೆ. ನಮ್ಮ ಓಣಿಯಲ್ಲಿ ಕಸದ ವಿಷಯಕ್ಕೆ ನಡೆಯುವುದೂ ಇದೇ.

ಎಳ್ಳ ಅಮಾವಾಸ್ಯೆಯ ಮರುದಿನ ಖಾಜಾಮಿಯಾ ಬಂದರು. ಕೋಲಿಲ್ಲದೆ, ನಿಧಾನವಾಗಿ, ತಾವೇ ನಡೆದು ಮೆಟ್ಟಿಲು ಹತ್ತಿದರು. ಪಕ್ಕದ ಮನೆಯವರು ಕಳಿಸಿದ್ದ ಭಜ್ಜಿ, ಸಜ್ಜೆ ರೊಟ್ಟಿಯನ್ನು ಕಮಲಾ ತಟ್ಟೆಗೆ ಹಾಕುತ್ತಿದ್ದಳು. ಅವರು ಕೂರುವ ಮೊದಲೇ, ತೊಟ್ಟಿಯ ಕಡೆ ನೋಡುವ ಮೊದಲೇ, ನಾನು ಹೇಳಿಬಿಟ್ಟೆ. ಎರಡು ಸತ್ತವು, ನನ್ನ ತಪ್ಪಿನಿಂದಲೇ ಸತ್ತವು, ಫೋನಿನಲ್ಲಿ ಸುಳ್ಳು ಹೇಳಿದೆ.

ಖಾಜಾಮಿಯಾ ಕುರ್ಚಿ ಎಳೆದುಕೊಂಡು ತೊಟ್ಟಿಯ ಮುಂದೆ ಕೂತರು. ಒಂದೊಂದೇ ಗುಳ್ಳಿಯ ಮೇಲೆ ಕಣ್ಣು ಹಾಯಿಸಿದರು. ಮರಿಗಳು ಹೊರಬರುವ ತನಕ ಕಾದರು. ಆಮೇಲೆ ನನ್ನ ಕಡೆ ತಿರುಗಿದರು.

"ನೀವು ಫೋನ್ ಅಷ್ಟು ಜಲ್ದಿ ತಿರುಗಿಸಿದಾಗೇ ನನಗ ಗೊತ್ತಾಗಿತ್ರಿ ಸಾಹೇಬ್ರ. ಕೇಳಿದ್ರ ನಿಮಗ ಬ್ಯಾಸರ ಆಗ್ತದಂತ ಸುಮ್ನಿದ್ದೆ" ಎಂದರು. ಇಷ್ಟು ದಿನ ಎದೆಯ ಮೇಲೆ ಇಟ್ಟುಕೊಂಡಿದ್ದ ಕಲ್ಲು ಇಳಿದಂತಾಯಿತು.

ಆರು ಕೊಟ್ಟಿದ್ದೆ, ಆರು ಎಳೆಯವನ್ನು ಒಯ್ಯುತ್ತೇನೆ, ಹಿರಿಯರು ಇಲ್ಲೇ ಇರಲಿ, ಅಮಾನತ್ ಮುಟ್ಟಿತು ಎಂದರು. ಇನ್ನೊಂದು ವರ್ಷ ಅವರು ಸೋಲಾಪುರದಲ್ಲಿ ಮಗನ ಹತ್ತಿರವೇ. ಅಲ್ಲಿ ಹೊಸ ತೊಟ್ಟಿ ಇಡಿಸಿದ್ದಾರಂತೆ. ಬೆಳೆದ ಮರಿಗಳಲ್ಲಿ ಆರನ್ನು ಹಿಡಿದು, ಅಗಲ ಬಾಯಿಯ ಡಬ್ಬಿಗೆ ಹಾಕಿದೆವು. ಹೊರಡುವಾಗ ಅವರು ಚೀಲದಿಂದ ಎರಡು ಖಾಲಿ ಕ್ಯಾನ್ ತೆಗೆದು ನನ್ನ ಮುಂದಿಟ್ಟರು.

"ಮಗನ ಬಿಲ್ಡಿಂಗಿನಾಗ ಎಲ್ಲಾ ಮಶೀನಿನ ಸಪ್ಪ ನೀರು. ಶುರುವಿಗೆ ಎರಡು ಕ್ಯಾನ್ ಬೋರ್ ನೀರು ಕೊಡ್ರಿ. ಇಂಥಾ ನೀರು ಅಲ್ಲಿ ಸಿಗಂಗಿಲ್ಲ."

ಜನ ಜೀವಮಾನವೆಲ್ಲ ನನ್ನ ಹತ್ತಿರ ನೀರು ಕೇಳಿದ್ದಾರೆ. ಖಾಲಿ ಕೊಡ ಹಿಡಿದು ಕೇಳಿದ್ದಾರೆ, ಆಫೀಸಿಗೆ ಬಂದು ಬೈದು ಕೇಳಿದ್ದಾರೆ. ಬೇರೆಲ್ಲೂ ಸಿಗುವುದಿಲ್ಲವೆಂದು ಕೇಳಿದವರು ಇವರೇ ಮೊದಲು. ನಲ್ಲಿಯ ಕೆಳಗೆ ಕ್ಯಾನ್ ಇಟ್ಟು, ಕಂಠಮಟ್ಟ ತುಂಬಿಸಿ, ಹೊರಗಿನ ಹಸಿಯನ್ನು ಟಾವೆಲಿನಿಂದ ಒರೆಸಿದೆ. ಒಂದನ್ನು ತಾನು ಹಿಡಿಯುತ್ತೇನೆಂದು ಕಮಲಾ ಬಂದಳು, ಕೊಡಲಿಲ್ಲ. ಬಸ್ ನಿಲ್ದಾಣದವರೆಗೆ ಎರಡನ್ನೂ ನಾನೇ ಹೊತ್ತೆ.

ಬಸ್ಸು ಹತ್ತಿ ಸೀಟಿನ ಕೆಳಗೆ ಇಡುವಾಗ ಕಂಡಕ್ಟರ್ ಕ್ಯಾನುಗಳನ್ನು ನೋಡಿ, ತಾಗಬಾರದೆಂದು ಕಾಲು ಹಿಂದೆ ತೆಗೆದುಕೊಂಡು, ಗಾಣಗಾಪುರದ ತೀರ್ಥವೇ ಎಂದು ಕೇಳಿದ.

"ಅಲ್ರಿ, ಜೇವರ್ಗಿ ಬೋರಿನ ನೀರು" ಎಂದೆ. ಸ್ವಲ್ಪ ಜೋರಾಗಿಯೇ ಹೇಳಿದೆನೆಂದು ಕಾಣುತ್ತದೆ, ಹಿಂದಿನ ಸೀಟಿನವರೆಲ್ಲ ತಿರುಗಿ ನೋಡಿದರು.